ಎಳ್ಳಮಾಸಿಯ ದಿನ ಊರಲ್ಲಿ ಯಾರಿರುತ್ತಾರೆ?

ಮಸ್ಕಿ,
ಸ್ವಭಾನು ಸಂವತ್ಸರದ ಕಾರ್ತಿಕ ಬಹುಳ ದಶಮಿ
(ನಿಮ್ಮ ಹೈದರಾಬಾದಿನ ಲೆಕ್ಕಕ್ಕೆ ಫಸಲಿ ೧೩೫೩)

ನನ್ನ ಬಂಗಾರ, ಮೊಮ್ಮಗ ಅಮರಗುಂಡಪ್ಪನಿಗೆ,

ಹೇಗಿದ್ದೀಯಪ್ಪಾ? ಹೋದ ಕಾಗದದಲ್ಲಿ ನೀನು ಕೆಮ್ಮು ಎಂದು ಬರೆದಿದ್ದೆ, ಈ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಕೆಮ್ಮು ಹೋಯಿತೋ, ಬರೆಯುವುದು ಮರೆತುಹೋಯಿತೋ? ಮೆಣಸು ಬೆಲ್ಲ ಕುಟ್ಟಿ ಕಳಿಸಿದ್ದೆನಲ್ಲ, ಅದನ್ನು ಗೆಳೆಯರಿಗೆಲ್ಲ ಹಂಚಿ ಕೂತಿದ್ದೀಯೋ ಏನೋ, ನಿನ್ನ ಕೈ ನನಗೆ ಗೊತ್ತಿಲ್ಲವೇ. ದಿನಾ ಅನ್ನ ಉಂಡರೆ ಮೈಗೆ ಹತ್ತುವುದಿಲ್ಲ ಎಂದು ನಿಮ್ಮವ್ವ ಕೊರಗುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇವೆ. ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ನಿಮ್ಮ ತಾತನ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ, ಆದರೆ ಬಾಯಿಗೆ ಏನೂ ಆಗಿಲ್ಲ, ಅದು ಮೊದಲಿನಂತೆಯೇ ನಡೆಯುತ್ತಿದೆ. ಕರಿ ಎಮ್ಮೆ ಈದಿದೆ. ಗಿಣ್ಣ ಕಾಯಿಸಿದ ದಿನ ನಿಮ್ಮವ್ವ ನಿನ್ನ ಹೆಸರು ಹೇಳಿ ಒಂದು ಬಟ್ಟಲು ತೆಗೆದಿಟ್ಟಳು, ಸಂಜೆಯೊಳಗೆ ಅದು ನಿಮ್ಮ ತಾತನ ಹೊಟ್ಟೆ ಸೇರಿತು. ಬಿಳಿಜೋಳ ಮೊಣಕಾಲುದ್ದ ಎದ್ದು ನಿಂತಿದೆ, ಈ ಸಲ ಇಬ್ಬನಿ ಚೆನ್ನಾಗಿ ಬೀಳುತ್ತಿದೆ. ಅಜ್ಜಿ ಮಾತಾಡುವುದು ಒಂದು ಥರ, ಬರೆಯುವುದು ಇನ್ನೊಂದು ಥರ ಎಂದು ನೀನು ನಗುತ್ತೀಯ. ನಗು, ನನಗೇನು. ನಮ್ಮಪ್ಪ ನನಗೆ ಅಕ್ಷರ ಕಲಿಸಿದ್ದು ಅಚ್ಚಿನ ಪುರಾಣ ಮುಂದಿಟ್ಟುಕೊಂಡು. ಲೇಖನಿ ಹಿಡಿದರೆ ನನಗೆ ಅದೇ ಮಾತು ಬರುತ್ತದೆ.

ಈಗ ನಿನ್ನ ಕಾಗದದ ವಿಷಯ. ನಿನ್ನ ಗೀಚು ಅಕ್ಷರ ನನ್ನ ಕಣ್ಣಿಗೆ ದಕ್ಕಲಿಲ್ಲ, ಸಂತೆಕಲ್ಲೂರಿನ ಪೀರಮ್ಮನ ಕೈಗೆ ಕೊಟ್ಟು ಓದಿಸಿದೆ. ಪೀರಮ್ಮ ನಿನಗೆ ನೆನಪಿರಬೇಕು, ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಗದ್ದೆಮ್ಮನ ಮಗಳು, ಊರ ಹೊರಗಿನ ಕೇರಿಯವರು. ಅವಳಪ್ಪ ಪಕೀರಪ್ಪ ಹಟ್ಟಿಯ ಬಂಗಾರದ ಗಣಿಯಲ್ಲಿ ಕೆಲಸಕ್ಕಿದ್ದಾನೆ, ಆದಿತ್ಯವಾರ ಮಾತ್ರ ಊರಿಗೆ ಬರುತ್ತಾನೆ. ನೀನು ನೋಡಿದಾಗ ಅವಳು ಮೂಗು ಸೋರಿಸಿಕೊಂಡು ಓಡಾಡುವ ಕೂಸು. ಈಗ ಶಾಲೆಯ ಪಡಸಾಲೆಯ ಅಂಚಿನಲ್ಲಿ ಕೂತೇ ನಾಲ್ಕನೇ ಜಮಾತಿಗೆ ಬಂದಿದ್ದಾಳೆ. ಬಾಯಿಲೆಕ್ಕ ಕೇಳಿದರೆ ನಾವು ಕೇಳಿ ಮುಗಿಸುವಷ್ಟರಲ್ಲಿ ಜವಾಬು ಬಂದಿರುತ್ತದೆ. ನಿನ್ನ ಕಾಗದ ಬಿಚ್ಚಿದವಳೇ "ಅಮ್ಮಾರ, ಇರುವಿ ಮಸ್ಯಾಗ ಬಿದ್ದು ಎದ್ದು ಓಡ್ಯಾವ ಏನ್ರಿ ಇದರ ಮ್ಯಾಲ?" ಎಂದಳು. ನಿನ್ನ ಮಾನ ಉಳಿಸುವ ಗೋಜಿಗೆ ನಾನು ಹೋಗಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ನಾನು ಮೇಲೆ ಹೊಸ್ತಿಲಲ್ಲಿ, ಅವಳು ಕೆಳಗೆ ಅಂಗಳದ ಕಲ್ಲಿನ ಮೇಲೆ. ಹಾಗೆ ಕೂತು ಪೂರಾ ಓದಿದಳು.

ಸಂಸ್ಥಾನದ ಕನ್ನಡ ಮಕ್ಕಳಿಗೆಲ್ಲ ನಿಮ್ಮ ವಿದ್ಯಾರ್ಥಿ ಸಂಘದವರು ಭಾಷಣ, ಕಂಠಪಾಠ, ಬಾಯಿಲೆಕ್ಕದ ಸ್ಪರ್ಧೆ ಇಡುವುದು ಒಳ್ಳೆಯ ಕೆಲಸ. ಹೋದ ವರ್ಷ ಹೈದರಾಬಾದಿನಲ್ಲಿ ಇಟ್ಟಿರಿ, ಬಂದವರು ಯಾರು? ಬೂಟು ಹಾಕಿದ ವಕೀಲರ ಮಕ್ಕಳು, ಸಾಹುಕಾರರ ಮಕ್ಕಳು. ನಮ್ಮ ಕಡೆಯಿಂದ ಒಂದು ನರಪಿಳ್ಳೆ ಬರಲಿಲ್ಲ ಎಂದು ನೀನೇ ಮರುಗಿದ್ದೀಯ. ಬರುವುದು ಹೇಗಪ್ಪಾ? ರಾಯಚೂರಿನ ತನಕ ಬಸ್ಸು, ಅಲ್ಲಿಂದ ರೈಲು, ಅಲ್ಲಿ ಇಳಿದು ಯಾರ ಮನೆ, ಯಾರ ಊಟ. ಈ ವರ್ಷ ನಮ್ಮ ಸೀಮೆಯಲ್ಲೇ ಇಡೋಣ ಎಂದು ನೀನು ಹಟ ಹಿಡಿದದ್ದು ಕೇಳಿ ನನಗೆ ಎದೆ ತುಂಬಿತು. ಲಿಂಗಸುಗೂರಿನವರು ತಮ್ಮ ಊರಿಗೆ ಕರೆಯುತ್ತಾರೆ, ಸಿಂಧನೂರಿನವರು ತಮ್ಮ ಊರಿಗೆ ಕರೆಯುತ್ತಾರೆ, "ಅಜ್ಜೀ, ಎರಡೂ ಕಡೆ ನೀನೇ ಹೋಗಿ ನೋಡು, ಬಡವರ ಮಕ್ಕಳು ಬಂದು ಇದ್ದು ಹೋಗಲು ಯಾವ ಊರು ಹಗುರ ಎಂದು ಬರೆ, ಸಂಘದಲ್ಲಿ ನಿನ್ನ ಮಾತೇ ಕೊನೆ" ಎಂದು ಬರೆದಿದ್ದೀಯ. ನಿನ್ನ ಸಂಘದವರಿಗೆ ಬುದ್ಧಿ ಇದೆ ಬಿಡು. ಕಾಗದದ ಕೊನೆಯಲ್ಲಿ, ಹೆಣ್ಣುಮಕ್ಕಳಲ್ಲಿ ಮೊದಲು ಬಂದವಳನ್ನು ಹೈದರಾಬಾದಿನ ವಸತಿಶಾಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿಸುತ್ತೇವೆ ಎಂದು ಒಂದು ಮಾತಿತ್ತಲ್ಲ, ಅಲ್ಲಿಗೆ ಬಂದಾಗ ಪೀರಮ್ಮ ಮುಂದಿನ ಸಾಲಿಗೆ ಹೋಗಲಿಲ್ಲ. ಆ ಸಾಲನ್ನು ಎರಡು ಸಲ ಓದಿದಳು. ಎರಡನೆಯ ಸಲ ನನಗಾಗಿ ಓದಲಿಲ್ಲ. ಸಂತೆಕಲ್ಲೂರಿನಲ್ಲಿ ನಾಲ್ಕನೇ ಜಮಾತಿನ ಮೇಲೆ ಶಾಲೆ ಇಲ್ಲ. ಇದು ತಪ್ಪಿದರೆ ಮುಂದಿನ ಸುಗ್ಗಿಗೆ ಅವಳ ಮದುವೆ ಮಾಡುತ್ತಾರೆ, ಗಂಡಿನವರು ಈಗಾಗಲೇ ಬಂದು ನೋಡಿ ಹೋಗಿದ್ದಾರೆ.

ಆ ಆದಿತ್ಯವಾರ ಪಕೀರಪ್ಪನನ್ನು ಕರೆಸಿ, ಮಗಳನ್ನು ಸ್ಪರ್ಧೆಗೆ ಕಳಿಸು ಎಂದೆ. ಅವನು ಮೆಲ್ಲಗೆ ಮಾತಾಡುವ ಮನುಷ್ಯ, ಆದರೆ ಅಂದು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಕಳಸ್ತೀನ್ರೀ ಅಮ್ಮಾರ, ಎಲ್ಲಿ ಇಟ್ರೂ ಹೊತ್ತುಕೊಂಡ ಹೋಗ್ತೀನಿ. ಆದ್ರ ನೀರಿಗೆ ಬೊಗಸಿ ಒಡ್ಡಿ ನಿಂದ್ರೂ ಊರಿಗೆ ಮಾತ್ರ ನನ್ನ ಮಗಳನ್ನ ಕಳಸಂಗಿಲ್ಲ. ಕೆಳಗ ಗಣಿಯೊಳಗ ನಾವೆಲ್ಲಾರೂ ಒಂದ ಡಬರಿ ನೀರು ಕುಡೀತೀವಿ. ಮ್ಯಾಲ ಬಂದ ಮ್ಯಾಲ ಯಾಕ್ರಿ ಬೊಗಸಿ?" ಎಂದ. ನೋಡಿಕೊಂಡು ಬರುತ್ತೇನೆ ತಡಿ ಎಂದೆ. ಹಾಗಾಗಿ ನಾನು ಎರಡೂ ಊರಿಗೆ ಹೋದದ್ದು ನಿನ್ನ ಸಲುವಾಗಿ ಅರ್ಧ, ಪೀರಮ್ಮನ ಸಲುವಾಗಿ ಅರ್ಧ.

ಮೊದಲು ಲಿಂಗಸುಗೂರು. ಮಕ್ಕಳು ಬರುವುದು ಬಸ್ಸಿನಲ್ಲಿ ತಾನೇ, ನಾನೂ ಬಸ್ಸಿನಲ್ಲೇ ಹೋದೆ. ನಿಮ್ಮ ತಾತ ಬೇಡ ಬೇಡ ಎಂದರು, ಬೇಡ ಎಂದದ್ದಕ್ಕೇ ಹೋದೆ. ಲಡಾಯಿ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಬಸ್ಸು ಇದ್ದಿಲಿನ ಹೊಗೆಯ ಮೇಲೆ ಓಡುತ್ತದಂತೆ. ಓಡುತ್ತದೆ ಎನ್ನುವುದು ಅದರ ಮರ್ಯಾದೆಗೆ ಹೇಳುವ ಮಾತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ದೂಡಬೇಕು. ಒಂದು ಕಡೆ ಡ್ರೈವರು ನನ್ನತ್ತ ತಿರುಗಿ "ಅಮ್ಮಾ, ನೀವೂ ಒಂದೀಟು ಇಳದ್ರ ಹಗುರ ಆಗ್ತೈತ್ರಿ" ಎಂದ. ನಾನು ಕೂತ ಜಾಗ ಬಿಡಲಿಲ್ಲ. ಟಿಕೇಟು ತೆಗೆಸಿದ್ದು ಕೂಡುವುದಕ್ಕೆ, ದೂಡುವುದಕ್ಕಲ್ಲ ಎಂದೆ, ಬಸ್ಸೆಲ್ಲ ನಕ್ಕಿತು. ಇರಲಿ, ನೋಡು, ಮಾನ್ವಿ ಗಂಗಾವತಿ ಕಡೆಯ ಮಕ್ಕಳು ಸಿಂಧನೂರು ದಾಟಿ, ಮಸ್ಕಿ ದಾಟಿ, ಈ ಬಸ್ಸನ್ನು ದೂಡುತ್ತ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಕಲಿತ ಭಾಷಣವೆಲ್ಲ ಬೆವರಾಗಿ ಹೋಗಿರುತ್ತದೆ.

ಅಲ್ಲಿ ನಿಮ್ಮ ತಾತನ ಹಳೆಯ ಗೆಳೆಯರು ವಕೀಲ ಕರಿಬಸಯ್ಯನವರು ದಂಡಿನ ಪಲ್ಟನ್ ಇದ್ದ ಕಾಲದ ಒಂದು ದೊಡ್ಡ ಬಂಗಲೆ ತೋರಿಸಿದರು. ಚೆಂದದ ಬಂಗಲೆ, ಸುಳ್ಳು ಯಾಕೆ ಹೇಳಲಿ. ಎತ್ತರದ ಚಾವಣಿ, ಸಾಲು ಕುರ್ಚಿ, ಕಿಟಕಿಗೆಲ್ಲ ಬಣ್ಣದ ಗಾಜು. ನಾಲ್ಕು ಜನ ಸೇರಿ ಭಾಷಣ ಮಾಡಬೇಕೆಂದರೆ ಸರಕಾರದ ಅಪ್ಪಣೆ, ಅದೇ ಇಜಾಜತ್, ಬೇಕಲ್ಲ, ಅದನ್ನು ತಾವೇ ತರುತ್ತೇವೆ ಎಂದರು. ಆದರೆ ಇಜಾಜತ್ ಬೇಕಾದರೆ ಸಾಹೇಬರುಗಳನ್ನು ಕರೆಯಬೇಕು, ಕರೆದರೆ ಹಾರ ತುರಾಯಿ ಬೇಕು, ಮೊದಲು ಅವರ ಭಾಷಣ, ಆಮೇಲೆ ಹೊತ್ತು ಉಳಿದರೆ ಮಕ್ಕಳ ಭಾಷಣ. ಮಕ್ಕಳು ಮಲಗುವುದು ಎಲ್ಲಿ ಎಂದು ಕೇಳಿದೆ. ಅವರವರ ಸಂಬಂಧಿಕರ ಮನೆಯಲ್ಲಿ ಎಂದರು. ಊಟ? ಖಾನಾವಳಿ ಇದೆ ಎಂದರು. ಸಂಬಂಧಿಕರು ಇಲ್ಲದವರು, ಖಾನಾವಳಿಗೆ ಕೊಡಲು ಇಲ್ಲದವರು ಏನು ಮಾಡಬೇಕು ಎಂದರೆ ವಕೀಲರು ಕನ್ನಡಕ ಒರೆಸಿಕೊಂಡರು. ಕೊನೆಗೆ ಕೇರಿಯ ಮಕ್ಕಳು ಬಂದರೆ ಎಂದೆ. "ಬರ್ಲಿ ತಾಯಿ, ಬ್ಯಾಡ ಅಂದವ್ರ್ಯಾರು? ನಮ್ಮ ಜವಾನ ಹೊರಗ ನಿಂತು ಅವರಿಗೆ ನೀರು ಹಾಕ್ತಾನ" ಎಂದರು. ಪ್ರೀತಿಯಿಂದಲೇ ಅಂದರು. ನಮ್ಮ ಮನೆಯಲ್ಲೂ ಅದೇ ನಡೆದುಬಂದಿದೆಯಲ್ಲ, ನಾನು ಯಾವ ಬಾಯಿಂದ ಅವರಿಗೆ ಎದುರಾಡಲಿ? ಆದರೆ ಪಕೀರಪ್ಪನ ಬೊಗಸೆ ಕಣ್ಣ ಮುಂದೆ ಬಂತು. ಲಿಂಗಸುಗೂರು ಅಲ್ಲಿಗೆ ಬಿಟ್ಟೆ.

ಆಮೇಲೆ ಸಿಂಧನೂರು. ಬಸ್ಸು ಸಾಕಾಗಿತ್ತು, ನಮ್ಮ ಆಳು ಮುದುಕಪ್ಪನನ್ನು ಕರೆದುಕೊಂಡು ಬಂಡಿಯಲ್ಲಿ ಹೋದೆ. ನಿಮ್ಮ ಸೋದರತ್ತೆ ಬಸವಣ್ಣೆಮ್ಮ ಚೆನ್ನಾಗಿದ್ದಾಳೆ, ಮೈ ತುಂಬಿಕೊಂಡಿದ್ದಾಳೆ. ಹಾಗೆಂದದ್ದಕ್ಕೆ ಒಂದು ಹೊತ್ತು ನನ್ನ ಸಂಗಡ ಮಾತು ಬಿಟ್ಟಳು. ಅಳಿಯಂದಿರ ಹತ್ತಿ ಅಡತಿ ಚೆನ್ನಾಗಿ ನಡೆದಿದೆ. ಮಕ್ಕಳು ಮಲಗಲು ಹತ್ತಿಯ ಗೋದಾಮು ಬಿಟ್ಟುಕೊಡುತ್ತೇನೆ, ಊಟಕ್ಕೆ ವ್ಯಾಪಾರಸ್ಥರೆಲ್ಲ ಸೇರಿ ನೋಡಿಕೊಳ್ಳುತ್ತೇವೆ ಎಂದರು. ನನಗೆ ಬಹಳ ಸಂತೋಷವಾಯಿತು, ಇದೇ ಊರು ಎಂದುಕೊಂಡೆ. ರೊಟ್ಟಿ ಬಡಿಯುತ್ತ ಬಸವಣ್ಣೆಮ್ಮ ಬಿಡಿಸಿ ಹೇಳಿದಳು. ನಮ್ಮವರ ಮಕ್ಕಳು ನಮ್ಮವರ ಮನೆಯಲ್ಲಿ, ಶೆಟ್ಟರ ಮಕ್ಕಳು ಶೆಟ್ಟರಲ್ಲಿ, ಬ್ರಾಹ್ಮಣರದು ಅವರಲ್ಲಿ, ಮುಸಲ್ಮಾನರದು ಅವರಲ್ಲಿ. ಪೀರಮ್ಮನಂಥವರು? "ಅವರ ಮಂದಿ ಅವರ ಕೇರ್ಯಾಗ ಅದಾರಲ್ಲಬೇ ಯವ್ವ, ಅಲ್ಲಿ ಉಂಡು ಬರ್ತಾರ" ಎಂದಳು. ಅಲ್ಲ ಅಮರಾ, ಊರೆಲ್ಲ ಹರಿದು ಹಂಚಿ ಉಣ್ಣುವುದಕ್ಕೆ ಒಂದು ಸ್ಪರ್ಧೆ ಯಾಕೆ ಬೇಕು? ಅವರವರ ಮನೆಯಲ್ಲೇ ಕೂತು ಭಾಷಣ ಮಾಡಿಕೊಂಡರೆ ಆಗದೇ? ಮಗಳಿಗೆ ಹಾಗೆಯೇ ಅಂದೆ. ನಿನಗೆ ವಯಸ್ಸಾಯಿತು ಎಂದಳು. ಆದದ್ದು ನಿಜವೇ, ಆದರೆ ಮಾತಿಗೂ ವಯಸ್ಸಿಗೂ ಏನು ಸಂಬಂಧ?

ಮುಖ ಊದಿಸಿಕೊಂಡು ಬಂಡಿಯಲ್ಲಿ ಹೊರಳಿ ಬರುತ್ತಿದ್ದೆ. ಗೊರೇಬಾಳ ದಾಟಿದ ಮೇಲೆ ಮುದುಕಪ್ಪ ಸುಮ್ಮನಿರಲಾರದೆ, ಸ್ಪರ್ಧೆಯ ದಿನ ಯಾವಾಗ ಬರುತ್ತದೆ ಎಂದು ಕೇಳಿದ. ಡಿಸೆಂಬರ್ ಇಪ್ಪತ್ತೇಳು, ಕ್ರಿಸ್ಮಸ್ಸಿನ ಬಡಾದಿನ್ ರಜೆಯಲ್ಲಿ ಎಂದೆ. ಹಾಗಂದರೆ ನನಗೇನು ತಿಳಿಯುತ್ತದೆ, ತಿಥಿ ಹೇಳ್ರಿ ಎಂದ. ನಾನು ಬೆರಳು ಎಣಿಸುತ್ತ ಹೋದೆ. ಎಣಿಸಿ ಎಣಿಸಿ ಎಲ್ಲಿ ಮುಟ್ಟಿದೆ ಗೊತ್ತೇ? ಮಾರ್ಗಶಿರದ ಅಮಾವಾಸ್ಯೆಗೆ! ಎಳ್ಳಮಾಸಿ! ಮುದುಕಪ್ಪ ಬಂಡಿ ನಿಲ್ಲಿಸಿ, ರುಮಾಲು ಬಿಚ್ಚಿ ಬೀಳುವ ಹಾಗೆ ನಕ್ಕ. "ಎಳ್ಳಮಾಸಿ ದಿನ ಮಕ್ಕಳ ಪರೀಕ್ಷಾ ಏನ್ರಿ ಅಮ್ಮಾರ? ಊರಾಗ ಬೆಕ್ಕು ನಾಯಿ ಬಿಟ್ರ ಯಾರಿರ್ತಾರ್ರಿ ಕೇಳಾಕ? ಬಂಡಿ ಯಾರು ಕೊಡ್ತಾರ, ಒಲಿ ಯಾರು ಹಚ್ಚತಾರ?" ಎಂದ. ಅಯ್ಯೋ ನನ್ನ ಶಾಣ್ಯಾ ಮೊಮ್ಮಗನೇ! ಮಣ್ಣಿನಲ್ಲಿ ಹುಟ್ಟಿದವನು ನೀನು. ಎಳ್ಳಮಾಸಿಗೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ, ಮಾಡಿದ ಅಡಿಗೆಯನ್ನೇ ಚರಗವೆಂದು ಪೈರಿಗೆ ಚೆಲ್ಲಿ ಅಲ್ಲೇ ಉಣ್ಣುತ್ತಾರೆ ಎನ್ನುವುದನ್ನು ಹೈದರಾಬಾದಿನ ಕ್ಯಾಲೆಂಡರು ನೋಡಿ ಮರೆತೆಯಲ್ಲೋ! ನಿನಗೊಬ್ಬನಿಗೇ ಬೈದು ಏನು ಮಾಡಲಿ, ವಕೀಲರೂ ಹೂಂ ಅಂದರು, ಅಳಿಯಂದಿರೂ ಹೂಂ ಅಂದರು, ಎರಡೂ ಊರು ತಿರುಗಿದ ನನಗೂ ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ ದಿನಕ್ಕೆ ಅಮಾವಾಸ್ಯೆ ಹುಣ್ಣಿಮೆ ಇರುವುದಿಲ್ಲ ಎಂದುಕೊಂಡಿದ್ದೆವೋ ಏನೋ.

ಮನೆಗೆ ಬಂದು ಹೇಳಿದರೆ ನಿಮ್ಮ ತಾತನಿಗೆ ಹಬ್ಬ. ಆ ದಿನ ಬಿಟ್ಟರೆ ಎಲ್ಲ ಶಾಲೆಗೂ ಒಟ್ಟಿಗೆ ರಜೆ ಸಿಗುವುದಿಲ್ಲ ಎಂದು ನೀನು ಬರೆದದ್ದನ್ನು ನಾನು ಹೇಳಿದೆ. "ಹಂಗಾದ್ರ ಅವರನ್ನೆಲ್ಲಾ ನಮ್ಮ ಹೊಲಕ್ಕ ಕರಕೊಂಡು ಬಾ, ಬನ್ನಿಗಿಡದ ಬುಡಕ ಭಾಷಣ ಮಾಡಸು, ನಾ ಪೈರಿಗೆ ಚರಗ ಚೆಲ್ಲಕೋತ ಕೇಳ್ತೀನಿ" ಎಂದು ಚೇಷ್ಟೆ ಮಾಡಿದರು. ಅವರು ಮಾಡಿದ್ದು ಚೇಷ್ಟೆ. ನಾನು ಮಾತ್ರ ಕೂತಲ್ಲೇ ಕೂತೆ. ಅಲ್ಲ, ಯಾಕೆ ಆಗಬಾರದು? ನೀನೇ ಯೋಚಿಸು. ಅವತ್ತು ಯಾವ ಮನೆಯಲ್ಲೂ ಅಡಿಗೆ ಕಡಿಮೆ ಇರುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆಗಟ್ಟಲೆ ಅಂಬಲಿ. ದಾರಿಯಲ್ಲಿ ಹೋಗುವವನನ್ನೂ ಕೈ ಹಿಡಿದು ಎಳೆದು ಉಣಿಸದೆ ಬಿಡುವುದಿಲ್ಲ, ಬಿಟ್ಟರೆ ಹೊಲಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ. ಹಾಗಿರುವಾಗ ಖಾನಾವಳಿ ಯಾಕೆ, ಸಾಹುಕಾರರು ಯಾಕೆ? ಬಂಡಿಗಳೆಲ್ಲ ಹೇಗೂ ಹೊಲಕ್ಕೆ ಹೊರಟಿರುತ್ತವೆ, ಸುತ್ತಲ ಹಳ್ಳಿಯ ಮಕ್ಕಳು ಯಾರ ಬಂಡಿ ಸಿಕ್ಕರೆ ಅದನ್ನು ಹತ್ತಿ ಬರಲಿ. ದೂರದವರು ಹಿಂದಿನ ದಿನ ಬಸ್ಸಿಗೆ ಬಂದರೆ ಮಸ್ಕಿಯಲ್ಲಿ ಮನೆಮನೆಗೂ ಹಬ್ಬಕ್ಕೆ ನೆಂಟರು ಬಂದೇ ಇರುತ್ತಾರೆ, ಇನ್ನೊಂದು ಚಾಪೆ ಹಾಸುವುದು ಯಾರಿಗೂ ಭಾರವಲ್ಲ. ಹೆಣ್ಣುಮಕ್ಕಳೆಲ್ಲ ನನ್ನ ಹತ್ತಿರ. ಸಿಂಧನೂರಿನ ಕಡೆಯಿಂದ ಬಂದರೂ ಮಸ್ಕಿ ಅರ್ಧ ದಾರಿ, ಲಿಂಗಸುಗೂರಿನ ಕಡೆಯಿಂದ ಬಂದರೂ ಅರ್ಧ ದಾರಿ, ಯಾರೂ ಪೂರಾ ಬಸ್ಸು ದೂಡಬೇಕಿಲ್ಲ. ಇಜಾಜತ್ತಿನ ತಂಟೆಯೂ ಇಲ್ಲ. ಎಳ್ಳಮಾಸಿಗೆ ಹೊಲದಲ್ಲಿ ಉಣ್ಣಲು ಕೂತವರಿಗೆ ಇಜಾಜತ್ ಕೇಳಿದವರನ್ನು ನಾನಂತೂ ನೋಡಿಲ್ಲ. ಉಂಡ ಮೇಲೆ ಮಕ್ಕಳು ನಾಲ್ಕು ಮಾತು ಆಡಿದರೆ ಬೇಡ ಎನ್ನುವವರು ಯಾರು? ಮಸ್ಕಿಯಲ್ಲಿ ಏನಿದೆ ಎಂದು ನಿಮ್ಮ ಸಂಘದಲ್ಲಿ ಯಾರಾದರೂ ಮೂಗು ಮುರಿದರೆ, ಗುಡ್ಡದ ಮೇಲೆ ಹಳೆಯ ಅಕ್ಷರದ ಬಂಡೆ ಇದೆ, ದೊರೆಗಳೇ ಹುಡುಕಿಕೊಂಡು ಬರುತ್ತಾರೆ ಎಂದು ಹೇಳು. ಸಂಜೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬಹುದು.

ನಿಮ್ಮ ತಾತನಿಗೂ ಈಗ ಇದು ಹಿಡಿಸಿದೆ. ತಾನೇ ಮೊದಲು ಹೇಳಿದ್ದು ಎಂದು ಮೀಸೆ ತಿರುವುತ್ತ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ನಿಮ್ಮವ್ವ ಈಗಿನಿಂದಲೇ ಸಜ್ಜೆ ಹಸನು ಮಾಡುತ್ತ ಕೂತಿದ್ದಾಳೆ. ಮನೆಯಲ್ಲಿ ಹೀಗೆ ಗಲಗಲ ಎಂದು ಎಷ್ಟು ದಿನವಾಗಿತ್ತೋ, ನನಗೆ ಬಹಳ ಹಿಗ್ಗಾಗಿದೆ ಅಮರಾ.

ಒಂದೇ ಒಂದು ತೊಡಕು ಉಳಿದಿದೆ, ಅದನ್ನೂ ಬರೆದುಬಿಡುತ್ತೇನೆ. ನಿನ್ನೆ ಆದಿತ್ಯವಾರ ಪಕೀರಪ್ಪ ಬಂದಿದ್ದ. ಹೊಲದ ಸುದ್ದಿ ಕೇಳಿ ಅವನ ಮುಖ ಅರಳಿತು. ಆದರೆ ಹೊರಡುವಾಗ ತಿರುಗಿ ನಿಂತು "ಒಂದ ಸಾಲಿನ್ಯಾಗ ಕುಂದ್ರಸ್ತೀರೇನ್ರಿ ಅಮ್ಮಾರ, ಇಲ್ಲಾ ಎಂದಿನಂಗ ಬದುವಿನ ಆ ಕಡಿಗೇನ್ರಿ? ಬಾವಿ ಹಗ್ಗ ಯಾರ ಕೈಯಾಗ?" ಎಂದು ಕೇಳಿದ. ಅವನು ಕೇಳಿದ್ದು ಸುಳ್ಳಲ್ಲ. ಪ್ರತಿ ಎಳ್ಳಮಾಸಿಗೂ ಅವರು ನಮ್ಮ ಹೊಲದಲ್ಲೇ ಉಣ್ಣುತ್ತಾರೆ, ಅದೇ ಭಜ್ಜಿ, ಅದೇ ರೊಟ್ಟಿ, ಆದರೆ ಬದುವಿನ ಆ ಕಡೆ. ನೀರನ್ನು ಮುದುಕಪ್ಪ ಮೇಲಿನಿಂದ ಹಾಕುತ್ತಾನೆ. ಶರಣರ ಪುರಾಣ ಓದಿ ಓದಿ ಕಣ್ಣೀರು ಹಾಕುವವಳು ನಾನು, ಅವನು ಹಾಗೆ ಕೇಳಿದಾಗ ನಿಮ್ಮ ತಾತನತ್ತ ತಿರುಗಿದೆ. ಬಾಗಿಲಲ್ಲಿ ನಿಂತಿದ್ದ ನಿಮ್ಮ ತಾತ "ಊರು ಏನಂದೀತು, ಒಂದಿಷ್ಟು ವಿಚಾರ ಮಾಡೂಣು" ಎಂದು ಒಳಗೆ ಹೋದರು. ಅವನು ಸಿಟ್ಟಾಗಲಿಲ್ಲ. "ವಿಚಾರ ಮಾಡ್ರಿ, ಮುಂದಿನ ವಾರ ಬರ್ತೀನಿ" ಎಂದು ನಮಸ್ಕಾರ ಮಾಡಿ ಹೋದ. ಪೀರಮ್ಮ ಮಾತ್ರ ಅಂಗಳದ ಕಲ್ಲಿನ ಮೇಲೆ ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದಳು, ನಮ್ಮ ಮಾತು ಕೇಳಿಸದವಳ ಹಾಗೆ. ಕೇಳಿಸಿತ್ತು. ಎಂದೂ ತಪ್ಪದ ಹುಡುಗಿ ಹದಿನೇಳರ ಮಗ್ಗಿಯಲ್ಲಿ ತಪ್ಪಿದಳು. ಆದ್ದರಿಂದ ಮಸ್ಕಿ ಎಂದು ಈಗಲೇ ಕರಪತ್ರ ಅಚ್ಚು ಹಾಕಿಸಬೇಡ, ಸ್ವಲ್ಪ ತಡಿ. ಇಷ್ಟೆಲ್ಲ ಮಾಡಿ ಆ ಹುಡುಗಿಯೇ ಬರದಿದ್ದರೆ ನನಗೆ ಆ ದಿನ ತುತ್ತು ಇಳಿಯುವುದಿಲ್ಲ.

ಮೈ ಕಡೆ ಲಕ್ಷ್ಯ ಇರಲಿ. ತಣ್ಣೀರಿನಲ್ಲಿ ತಲೆ ತೊಯ್ಸಬೇಡ. ನಿನ್ನ ಕೋಣೆಯ ಗೆಳೆಯರನ್ನೂ ಎಳ್ಳಮಾಸಿಗೆ ಕರೆದುಕೊಂಡು ಬಾ, ಹೋಳಿಗೆಗೆ ಬರವಿಲ್ಲ. ತಾತ, ಅವ್ವ, ಅಪ್ಪ ಎಲ್ಲರ ಆಶೀರ್ವಾದ ನಿನ್ನ ತಲೆಯ ಮೇಲಿದೆ. ಆ ಶಿವ ನಿನ್ನ ಬೆನ್ನಿಗಿರಲಿ, ನಿನ್ನ ಅಕ್ಷರವನ್ನೂ ಒಂದಿಷ್ಟು ತಿದ್ದಲಿ.

ನಿನ್ನ ದಾರಿ ಕಾಯುವ ಅಜ್ಜಿ,
ಗುರುಲಿಂಗಮ್ಮ

ತಾಜಾ ಕಲಂ: ಮಂಗಳವಾರ. ಟಪಾಲಿನವನು ಕಟ್ಟೆಯ ಮೇಲೆ ಕೂತು ಅವಸರ ಮಾಡುತ್ತಿದ್ದಾನೆ, ಗೀಚಿ ಕೊಡುತ್ತೇನೆ, ಇವತ್ತು ನನ್ನ ಅಕ್ಷರವೂ ನಿನ್ನ ಅಕ್ಷರದ ಹಾಗೆ. ಬೆಳಿಗ್ಗೆ ಜಮಖಾನೆ ಎಲ್ಲಿ ಹಾಸಬೇಕು ಎಂದು ನೋಡಲು ನಾನು, ನಿಮ್ಮ ತಾತ ಹೊಲಕ್ಕೆ ಹೋಗಿದ್ದೆವು. ಗದ್ದೆಮ್ಮ, ಪೀರಮ್ಮ ಕಳೆ ತೆಗೆಯುತ್ತಿದ್ದರು. ನೀರಡಿಸಿ ಬಾವಿಯ ಹತ್ತಿರ ಬಂದು ಎಂದಿನಂತೆ ದೂರ ನಿಂತರು. ಮುದುಕಪ್ಪ ಹಗ್ಗಕ್ಕೆ ಕೈ ಹಾಕಿದ. ನನಗೆ ಏನಾಯಿತೋ ಗೊತ್ತಿಲ್ಲ, "ಮುದುಕಪ್ಪಾ, ನೀ ಬಿಡು. ಪೀರಮ್ಮಾ, ಇವತ್ತು ನೀನ ಸೇದು" ಎಂದೆ. ಹುಡುಗಿ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು, "ಖರೇನೇನ್ರಿ?" ಎಂದಳು. ಹಗ್ಗ ಅಲ್ಲೇ ಅದ ನೋಡು ಎಂದೆ. ರೂಢಿ ಇಲ್ಲದ ಕೈ, ಅರ್ಧ ನೀರು ಚೆಲ್ಲಿದಳು. ತಂಬಿಗೆ ತುಂಬಿ, ಬೊಗಸೆ ಹಿಡಿಯದೆ, ನೆಟ್ಟಗೆ ನಿಂತು ಕುಡಿದಳು. ಆಮೇಲೆ ತಂಬಿಗೆ ತೊಳೆದು ತುಂಬಿ "ನಿಮಗ್ರಿ ಅಮ್ಮಾರ?" ಎಂದು ಮುಂದೆ ಹಿಡಿದಳು. ಇಸಕೊಂಡು ಕುಡಿದೆ. ಮುದುಕಪ್ಪ ಎತ್ತುಗಳನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಬನ್ನಿಗಿಡದ ನೆರಳಿನಿಂದ ನಿಮ್ಮ ತಾತ "ಎಲ್ಲಾ ನೀನ ಕುಡೀತಿಯೇನು? ಇಲ್ಲೂ ಒಬ್ಬ ಮುದುಕ ನೀರಡಿಸ್ಯಾನ" ಎಂದು ಕೂಗಿದರು. ಪೀರಮ್ಮ ಓಡಿಹೋಗಿ ಕೊಟ್ಟಳು. ತಳ ಕಾಣುವ ತನಕ ಕುಡಿದು, ಮೀಸೆ ಒರೆಸಿಕೊಂಡು, "ಈ ವರ್ಷ ಉಪ್ಪು ಜರಾ ಹೆಚ್ಚಾಗೇದ" ಎಂದರು, ಅಷ್ಟೇ. ಗದ್ದೆಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು "ಇನ್ನ ಇವರಪ್ಪ ಬ್ಯಾಡ ಅನ್ನಂಗಿಲ್ರಿ" ಎಂದಳು. ತಡಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಮಸ್ಕಿ ಎಂದು ಅಚ್ಚು ಹಾಕಿಸು, ಬನ್ನಿಗಿಡದ ಹೊಲ, ಎಲ್ಲರೂ ಒಂದೇ ಸಾಲು. ನಿಮ್ಮ ಸಂಘದಲ್ಲಿ ಆ ಬಾವಿಯ ನೀರು ಒಲ್ಲದವರು ಯಾರಾದರೂ ಇದ್ದರೆ ಅವರ ಸಂಗಡ ಜಗಳ ಆಡಬೇಡ, ಕೈ ಮುಗಿದು ಹೇಳು: ತಮ್ಮ ನೀರನ್ನು ತಾವೇ ಹೈದರಾಬಾದಿನಿಂದ ಹೊತ್ತು ತರಲಿ.